ಹರಿಗೋಲಿನ ವಯಸ್ಸು

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಕೂತು ನನ್ನ ಚಪ್ಪಲಿಗೆ ಹರಳೆಣ್ಣೆ ಹಚ್ಚುತ್ತಿದ್ದೆ. ಆದವಾನಿಯ ಬಿಸಿಲಿಗೆ ತೊಗಲು ಒಣಗಿ ಕಟ್ಟಿಗೆಯಾಗುತ್ತದೆ. ವಾರಕ್ಕೊಮ್ಮೆಯಾದರೂ ಎಣ್ಣೆ ಕುಡಿಸದಿದ್ದರೆ ಹಿಮ್ಮಡಿಯನ್ನು ಕಚ್ಚುತ್ತದೆ. ಇಂಥ ಸಣ್ಣ ಕೆಲಸವೂ ಈಗ ನನಗೆ ಒಂದು ದಿನದ ಕೂಲಿಯಷ್ಟು ದೊಡ್ಡದು. ಒಂದು ಚಪ್ಪಲಿ ಮುಗಿಸಿ, ಗೋಡೆಗೆ ಒರಗಿ, ಸ್ವಲ್ಪ ಉಸಿರು ಬಿಟ್ಟು, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಕಸ ಗುಡಿಸುತ್ತ ಬಂದ ಸೊಸೆ ಗಿರಿಜೆ ಪೊರಕೆ ಹಿಡಿದು ನಿಂತಳು.

"ಮಾವಾರ, ಇವನ್ನ ಇನ್ನರ ಬಿಸಾಕಬಾರ್ದೇನ್ರಿ? ಎಷ್ಟು ಹಳೇವು ಆಗ್ಯಾವ. ಇವರಿಗೆ ಹೇಳಿ ಬ್ಯಾರೆ ತರಸ್ತೀನಿ."

"ಹಳೇವು ಎಲ್ಲಿ ಅದಾವಮ್ಮ? ಹೊಸವು ಇವು. ಹೋದ ತಿಂಗಳ ಅಟ್ಟಿ ಹಾಕಿಸೀನಿ" ಎಂದೆ.

ಅವಳು ನಂಬಿದಳೋ ಬಿಟ್ಟಳೋ, ಸುಮ್ಮನೆ ನಕ್ಕು ಒಳಗೆ ಹೋದಳು. ನಾನು ಮಾತ್ರ ಎಣ್ಣೆಯ ಕೈಯನ್ನು ಹಾಗೇ ಹಿಡಿದು ಕೂತೆ. ಎಣ್ಣೆ ಕುಡಿದ ತೊಗಲಿನ ಆ ವಾಸನೆ, ಅದರ ಜೊತೆಗೆ 'ಹೊಸವು' ಎಂಬ ನನ್ನದೇ ಮಾತು. ಇವೆರಡನ್ನೂ ನಾನು ಹಿಂದೆ ಒಂದೇ ಜಾಗದಲ್ಲಿ, ಒಬ್ಬನೇ ಮನುಷ್ಯನ ಬಳಿಯಲ್ಲಿ ಕಂಡಿದ್ದೆ. ಅವನ ಹೆಸರು ಅಂಬಿಗರ ಮಲ್ಲಪ್ಪ. ಅವನ ಸುದ್ದಿಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ಯಾಕೆಂದರೆ ಅದರಲ್ಲಿ ನನ್ನ ಮಾನ ಉಳಿಯುವಂಥದ್ದು ಏನೂ ಇಲ್ಲ. ನೀವು ಹೊರಗಿನವರು, ನಿಮಗೆ ಹೇಳಿದರೆ ನಡೆದೀತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಾನು ಒಂದು ಬೋರ್ಡಿನ ಕಚೇರಿಯಲ್ಲಿ ಗುಮಾಸ್ತ. ಯಾವ ಬೋರ್ಡು ಎಂದು ಕೇಳಬೇಡಿ. ಆ ಕಚೇರಿ ಈಗಿಲ್ಲ, ಅಲ್ಲಿ ನನ್ನನ್ನು ಬೈಯುತ್ತಿದ್ದವರೂ ಇಲ್ಲ; ಬೈಸಿಕೊಂಡವನು ಒಬ್ಬ ಉಳಿದಿದ್ದೇನೆ. ರಸ್ತೆ, ಛತ್ರ, ಬಾವಿ, ಸಂತೆ ಎಂದು ಅಲ್ಲಿ ಒಬ್ಬೊಬ್ಬ ಗುಮಾಸ್ತನಿಗೆ ಒಂದೊಂದು ಕಾಗದದ ಕಟ್ಟು. ನನ್ನ ಪಾಲಿಗೆ ಬಂದದ್ದು ರೇವುಗಳು, ಅಂದರೆ ತುಂಗಭದ್ರೆಯನ್ನು ದಾಟಿಸುವ ಕಡವುಗಳು. ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ. ನಾನು ಹಾಲಹರವಿಯ ಕಡೆಯ ಒಣನೆಲದವನು. ನಮ್ಮ ಕಡೆ ಹಗರಿ ಎಂಬ ನದಿಯೇನೋ ಇದೆ, ಆದರೆ ಅದರಲ್ಲಿ ನೀರಿಗಿಂತ ಮರಳು ಹೆಚ್ಚು. ಮೊಣಕಾಲಿನ ಮೇಲಕ್ಕೆ ನೀರು ಬಂದರೆ ನಮ್ಮವರು ಹರಕೆ ಹೊರುತ್ತಾರೆ. ಈಜು ಬಾರದವನ ಕೈಗೆ ರೇವಿನ ಕಟ್ಟು ಕೊಟ್ಟ ಪುಣ್ಯಾತ್ಮ ಯಾರೋ, ಅವನಿಗೂ ನನ್ನಂತೆಯೇ ಯಾವುದೋ ಮಧ್ಯಾಹ್ನ ದಣಿವಾಗಿರಬೇಕು.

ಆ ವರ್ಷ ಮೇಲಿನಿಂದ ಒಂದು ಫಾರಂ ಬಂತು. ಇಂಗ್ಲಿಷಿನಲ್ಲಿ ಅಚ್ಚಾದ, ಉದ್ದನೆಯ ಫಾರಂ. ಸರಕಾರದ ಸಹಾಯ ಪಡೆಯುವ ಪ್ರತಿಯೊಂದು ರೇವಿನ ದೋಣಿಯೂ ಹೇಗಿದೆ, ಎಷ್ಟು ಹಳತು, ಇನ್ನೆಷ್ಟು ಕಾಲ ಬಾಳೀತು ಎಂದು ಖುದ್ದಾಗಿ ನೋಡಿ ತುಂಬಬೇಕು. ನಾನು ಕೋಸಿಗಿಯಲ್ಲಿ ರೈಲು ಇಳಿದು, ಎತ್ತಿನ ಬಂಡಿ ಮಾಡಿಕೊಂಡು, ಎರೆಹೊಲಗಳ ನಡುವೆ ಬೆನ್ನುಮೂಳೆ ಸಡಿಲವಾಗುವಷ್ಟು ಹೊತ್ತು ಕುಲುಕಿಸಿಕೊಂಡು ನದಿಯ ದಂಡೆ ಮುಟ್ಟಿದೆ. ಈಚೆ ದಂಡೆ ಇಂಗ್ಲಿಷರದು, ಆಚೆ ದಂಡೆ ನಿಜಾಮರ ಸೀಮೆ. ಆದರೆ ಕೊಡುವ ಹೆಣ್ಣು ತರುವ ಹೆಣ್ಣು ಎರಡೂ ದಂಡೆಯವರದು. ಆಚೆಯವರ ಹತ್ತಿ ಈಚೆಯ ಆದವಾನಿಗೆ ಬರಬೇಕು, ಈಚೆಯ ಕುರಿ ಆಚೆಯ ಸಂತೆಗೆ ಹೋಗಬೇಕು. ಆ ರೇವು ತನ್ನ ದುಡಿಮೆಯಿಂದಲೇ ಹೊಟ್ಟೆ ಹೊರೆಯುವಂಥದ್ದಲ್ಲ. ಅದಕ್ಕೇ ತೊಗಲಿಗೂ ಬಿದಿರಿಗೂ ಎಂದು ಬೋರ್ಡಿನಿಂದ ವರ್ಷಕ್ಕಿಷ್ಟು ಸಾಲಿಯಾನ. ಸುಗ್ಗಿಯಲ್ಲಿ ಎರಡೂ ದಂಡೆಯ ಮನೆಗಳಿಂದ ಜೋಳ. ಇಷ್ಟರ ಮೇಲೆ ಮಲ್ಲಪ್ಪ ಯಾರನ್ನೂ ಒಲ್ಲೆ ಎನ್ನದೆ ದಾಟಿಸಬೇಕಿತ್ತು, ದಾಟಿಸುತ್ತಿದ್ದ.

ಹರಿಗೋಲು ದಂಡೆಯ ಮೇಲಿತ್ತು. ನೀವು ನೋಡಿದ್ದೀರೋ ಇಲ್ಲವೋ, ಬಿದಿರು ಸೀಳಿದ ದೆಬ್ಬೆಗಳಿಂದ ಹೆಣೆದು, ಹೊರಗೆ ತೊಗಲು ಹೊಲಿದ ದೊಡ್ಡ ದುಂಡು ಬುಟ್ಟಿ ಅದು. ಅವತ್ತು ಅದಕ್ಕೆ ಹೊಸ ತೊಗಲು ಹೊದಿಸಿ ಎಣ್ಣೆ ಹಚ್ಚಿದ್ದರು. ಹತ್ತು ಮಾರು ದೂರದಿಂದಲೇ ವಾಸನೆ ಮೂಗಿಗೆ ಬಡಿಯಿತು. ಮಲ್ಲಪ್ಪನಿಗೆ ನನ್ನ ತಂದೆಯ ವಯಸ್ಸು. ನಾನು ಆಗ ಕೋಟು ಹಾಕಿದವನು, ಏಕವಚನದಲ್ಲೇ ಮಾತಾಡಿಸಿದೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ನನಗೆ ಮಾತ್ರ ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಡುವ ಕುಂದರ್ರಿ ಸಾಮಿ. ಕಣ್ಣು ಆಚೆ ದಂಡಿ ಮ್ಯಾಲ ಇಡ್ರಿ, ನೀರು ನೋಡಬ್ಯಾಡ್ರಿ" ಎಂದ.

ನಾನು ನಡುವೆ ಕೂತೆ, ಆಚೆ ದಂಡೆಯ ಮೇಲೆ ಕಣ್ಣಿಟ್ಟೆ. ಹರಿಗೋಲು ತಿರುಗಿತು. ಆಚೆ ದಂಡೆ ಇದ್ದಲ್ಲಿ ಈಚೆ ದಂಡೆ ಬಂತು. ಒಂದೇ ಸುತ್ತಿನಲ್ಲಿ ಎರಡು ಸರಕಾರಗಳನ್ನು ನೋಡಿದೆ, ಮೂರನೆಯ ಸುತ್ತಿಗೆ ಯಾವುದು ಯಾರದೆಂದು ತಿಳಿಯದಾಯಿತು. ಬಂಡೆಗಳ ನಡುವಿನ ಸಂದುಗಳಲ್ಲಿ, ಗೇಣು ನೀರಿದ್ದಲ್ಲಿ ಕೂಡ, ಅದು ಸದ್ದಿಲ್ಲದೆ ನುಸುಳಿ ಹೋಯಿತು. ಮಲ್ಲಪ್ಪ ಹುಟ್ಟು ಹಾಕುತ್ತಲೇ ಇದ್ದ. ನಾನು ಎರಡೂ ಕೈಯಿಂದ ಕೆಳಗಿನ ಒಂದು ದೆಬ್ಬೆಯನ್ನು ಗಟ್ಟಿಯಾಗಿ ಹಿಡಿದಿದ್ದೆ. ಉಳಿದವೆಲ್ಲ ಹಸಿರು ಹಳದಿ ಬಣ್ಣದವಾದರೆ ಅದೊಂದು ಹೊಗೆ ಹಿಡಿದ ತೊಲೆಯ ಹಾಗೆ ಕಪ್ಪಗಿತ್ತು.

ಮರಳಿ ಬಂದು ಬೇವಿನ ನೆರಳಿನಲ್ಲಿ ಫಾರಂ ಬಿಚ್ಚಿದೆ. ವಯಸ್ಸು ಎಂಬ ಕಾಲಮು ಬಂತು. ಕೇಳಿದೆ. ಮಲ್ಲಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದವನು ಎದ್ದೇ ನಿಂತ.

"ನಮ್ಮಜ್ಜ ಹೆಣದದ್ದು ರೀ ಸಾಮಿ. ಅರವತ್ತು ಮಳಿಗಾಲ ಕಂಡೈತಿ. ನಮ್ಮಪ್ಪ ನಡಿಸಿದಾ, ಈಗ ನಾ ನಡಸಾಕ್ಹತ್ತೀನಿ. ಒಬ್ಬರನ್ನ ನೀರಿಗೆ ಕೊಟ್ಟಿಲ್ಲ."

ಅರವತ್ತು ವರ್ಷ ಎಂದು ಬರೆದೆ. ಮುಂದಿನ ಕಾಲಮು, ಈಗಿನ ಸ್ಥಿತಿ. ಅರವತ್ತು ವರ್ಷದ ಬಿದಿರಿನ ಸ್ಥಿತಿ ಏನಿದ್ದೀತು? ಬಹಳ ಹಳೆಯದು, ಸವೆದಿದೆ ಎಂದು ಬರೆದೆ. ಇನ್ನೂ ನಿಲ್ಲದ ತಲೆತಿರುಗು ಆ ಅಕ್ಷರಗಳಲ್ಲಿ ಸೇರಿಕೊಂಡಿತ್ತೆಂದು ಕಾಣುತ್ತದೆ.

ಮಲ್ಲಪ್ಪನ ಹೆಂಡತಿ ಹನುಮವ್ವ ರೊಟ್ಟಿ, ಪುಂಡಿಪಲ್ಲೆ, ಒಂದು ಬಟ್ಟಲು ಮೊಸರು ತಂದಿಟ್ಟಳು. ಗಂಡ ಹಗ್ಗ ಬಿಗಿಯಲು ದಂಡೆಗೆ ಹೋದದ್ದನ್ನು ನೋಡಿ, ನಗುತ್ತ ಹೇಳಿದಳು: "ಅವರು ಹಂಗ ಅಂತಾರ ರೀ, ಅಜ್ಜನ ಹೆಸರು ಹೇಳಬೇಕಲ್ಲ. ಹೋದ ವರ್ಷ ಅರ್ಧ ದೆಬ್ಬಿ ಹೊಸವು ಹಾಕ್ಯಾರ, ಈ ವರ್ಷ ಅರ್ಧ. ತೊಗಲು ನಿನ್ನೆ ಹೊಲದದ್ದು. ನಡುವಿನ ಕರೇ ದೆಬ್ಬಿ ಐತಲ್ರಿ, ಅದೊಂದ ಅಜ್ಜನ್ದು. ಎಲ್ಲಾ ಒಮ್ಮೆಲೇ ಬದಲ ಮಾಡಂಗಿಲ್ಲ ನಮ್ಮೊಳಗ. ಹೊಸದಕ್ಕ ನದಿ ದಾರಿ ಹಳೇದು ತೋರಸಬೇಕಂತ. ಅದಕ್ಕ ಅದು ಅಜ್ಜನ ಹರಿಗೋಲನ."

ರೊಟ್ಟಿ ಬಾಯಲ್ಲಿತ್ತು. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ನಾನು ಅರವತ್ತು ವರ್ಷದ್ದೆಂದು ಬರೆದ ಹರಿಗೋಲಿಗೆ ಆ ಒಂದು ದೆಬ್ಬೆ ಬಿಟ್ಟರೆ ಎರಡು ವರ್ಷ ಮೀರಿದ ಕಡ್ಡಿಯೇ ಇರಲಿಲ್ಲ. ಅಂಬಿಗರ ಪಾಲಿಗೆ ಅದು ಮನೆತನ ಇದ್ದ ಹಾಗೆ. ಜನ ಬದಲಾಗುತ್ತಾರೆ, ಮನೆತನ ಬದಲಾಗುವುದಿಲ್ಲ. ಆದರೆ ಫಾರಂ ಚೀಲದೊಳಗೆ ಸೇರಿತ್ತು, ಮಸಿ ಒಣಗಿತ್ತು. ಅಕ್ಷರ ಹೊಡೆದುಹಾಕಿದರೆ ಪಕ್ಕದಲ್ಲಿ ರುಜು ಹಾಕಬೇಕು, ಯಾಕೆ ಹೊಡೆದೆ ಎಂದು ಇನ್ನೊಂದು ಹಾಳೆಯಲ್ಲಿ ಬರೆಯಬೇಕು, ಅದಕ್ಕೆ ಹೆಡ್ ಗುಮಾಸ್ತರಿಂದ ಬೈಸಿಕೊಳ್ಳಬೇಕು. ಬಂಡಿಯವನು ಬೇರೆ ರೈಲು ತಪ್ಪುತ್ತದೆಂದು ಎತ್ತು ಕಟ್ಟುತ್ತಿದ್ದ. ನಾಳೆ ಕಚೇರಿಯಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ನಾಳೆ ಎಂದರೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹನುಮವ್ವ ಇನ್ನಷ್ಟು ಮೊಸರು ಬಡಿಸಿದಳು, ಉಂಡು ಎದ್ದುಬಂದೆ.

ಮರುದಿನ ಹೆಡ್ ಗುಮಾಸ್ತರು ಫಾರಂ ನೋಡಿದರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಸಿಟ್ಟು.

"ಏಮಯ್ಯಾ, ಉದ್ದ ಅಗಲ ಎರಡೂ ಒಂದೇ ಬರದೀಯಲ್ಲ?"

"ಅದು ದುಂಡಗೈತ್ರಿ ಸಾರ್."

"ದುಂಡಗಿದ್ರ ಅದು ಬುಟ್ಟಿ ಕದಯ್ಯಾ, ದೋಣಿ ಎಟ್ಲಾ ಆಯ್ತು? ಮುಂದು ಯಾವುದು, ಹಿಂದು ಯಾವುದು?"

"ಮುಂದೂ ಇಲ್ರಿ, ಹಿಂದೂ ಇಲ್ಲ."

"ನಿನ್ನಂಗೇ" ಎಂದರು. ಕಚೇರಿಯೆಲ್ಲ ನಕ್ಕಿತು. ಆ ನಗುವಿನ ನಡುವೆ, ಸಾರ್, ವಯಸ್ಸಿನ ಕಾಲಮಿನಲ್ಲಿ ಒಂದು ತಪ್ಪಾಗಿದೆ ಎಂದು ಹೇಳುವ ಧೈರ್ಯ ಎಲ್ಲಿಂದ ತರಲಿ? ಕಾಗದ ಮೇಲಕ್ಕೆ ಹೋಯಿತು. ಮೇಲೆ ಹೋದ ಕಾಗದಗಳು ಬಹುಮಟ್ಟಿಗೆ ಅಲ್ಲೇ ಮೋಕ್ಷ ಪಡೆಯುತ್ತವೆ. ಇದಕ್ಕೂ ಅದೇ ಗತಿಯಾದೀತೆಂದು ನಂಬಿ ಸಮಾಧಾನ ಮಾಡಿಕೊಂಡೆ.

ವರ್ಷ ತಿರುಗುವುದರೊಳಗೆ ಅದು ಹುಕುಮಾಗಿ ಕೆಳಗಿಳಿಯಿತು. ಅರವತ್ತು ವರ್ಷದ ಹರಿಗೋಲಿನಲ್ಲಿ ಪ್ರಜೆಗಳನ್ನು ದಾಟಿಸುವುದು ಅಪಾಯ; ಅದರ ಬದಲಿಗೆ ಹಲಗೆಯ ದೋಣಿ ಮಂಜೂರಾಗಿದೆ; ಅದನ್ನು ನಡೆಸಲು ಕರಾವಳಿಯಿಂದ ಇಬ್ಬರು ಬರುತ್ತಾರೆ; ಹಳೆಯದನ್ನು ಮತ್ತೆ ನೀರಿಗೆ ಇಳಿಸದಂತೆ ನೌಕರನೊಬ್ಬನ ಸಮಕ್ಷಮ ಒಡೆಯಬೇಕು. ಸಾಲಿಯಾನ ದೋಣಿಯ ಹೆಸರಿಗೆ ಹೋಯಿತು. ಅಂದರೆ ಮೂರು ತಲೆಮಾರು ಆ ನದಿಯ ಅಂಬಿಗರಾಗಿದ್ದವರು ಮರುದಿನದಿಂದ ದಂಡೆಯ ಮೇಲೆ ನಿಂತು ನೋಡುವವರು. ಸಮಕ್ಷಮ ನಿಲ್ಲುವ ನೌಕರ ಯಾರೆಂದು ಹೇಳಬೇಕಾಗಿಲ್ಲವಷ್ಟೆ.

ರೇವಿಗೆ ಹೋಗಿ ಹುಕುಮನ್ನು ಓದಿ ಹೇಳಿದೆ. ಮಲ್ಲಪ್ಪ ಕೇಳಿದ್ದು ಒಂದೇ ಮಾತು.

"ಅಜ್ಜನ ಹೆಸರು ಹೇಳಿದ್ದು ತಪ್ಪಾತೇನ್ರಿ ಸಾಮಿ?"

ತಪ್ಪು ನಿನ್ನದಲ್ಲ, ರೊಟ್ಟಿ ತಿನ್ನುವಾಗಲೇ ನನಗೆ ಗೊತ್ತಾಗಿತ್ತು, ಒಂದು ಗೆರೆ ಹೊಡೆಯಲು ಬೇಸರಪಟ್ಟೆ ಎಂದು ಹೇಳಬೇಕಿತ್ತು. ಹನುಮವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವತ್ತು ತಾನು ನನಗೆ ಹೇಳಿದ್ದು ಅವಳಿಗೆ ನೆನಪಿತ್ತು. ನಾನು ಮೇಲಿನವರ ಹುಕುಮು, ನನ್ನ ಕೈಯಲ್ಲೇನೂ ಇಲ್ಲ ಎಂದೆ. ಜೀವನದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ, ಆದರೆ ಅವತ್ತಿನಷ್ಟು ಹೇಸಿಗೆ ಎಂದೂ ಆಗಿಲ್ಲ.

ತಳವಾರ ಕೊಡಲಿ ತಂದಿದ್ದ. ಮಲ್ಲಪ್ಪ ಅದನ್ನು ಮುಟ್ಟಗೊಡಲಿಲ್ಲ. ತಾನೇ ಕೂತು ಮೊದಲು ತೊಗಲಿನ ಹೊಲಿಗೆ ಬಿಚ್ಚಿದ, ಆಮೇಲೆ ಒಂದೊಂದೇ ಗಂಟು ಸಡಿಲಿಸಿ ದೆಬ್ಬೆ ಎಳೆದು ಪಕ್ಕಕ್ಕಿಟ್ಟ. ಕೊಡಲಿಗೆ ಅರ್ಧ ಗಳಿಗೆಯ ಕೆಲಸ, ಅವನು ಮುಗಿಸುವಾಗ ಹೊತ್ತು ಇಳಿದಿತ್ತು. ಕೊನೆಗೆ ಉಳಿದದ್ದು ಆ ಕಪ್ಪು ದೆಬ್ಬೆ. ಅದನ್ನು ಧೋತರದ ಸೆರಗಿನಿಂದ ಒರೆಸಿ ನನ್ನ ಮುಖ ನೋಡಿದ. ನಾನು ತಿರುಗಿ ನದಿಯ ಕಡೆ ನೋಡತೊಡಗಿದೆ, ಎಂದೂ ನದಿ ನೋಡದವನ ಹಾಗೆ. ಮತ್ತೆ ಈಚೆ ತಿರುಗಿದಾಗ ದೆಬ್ಬೆ ಅಲ್ಲಿರಲಿಲ್ಲ. ಪೂರ್ತಿ ಒಡೆಯಲಾಯಿತು ಎಂದು ಬರೆದುಕೊಂಡು ಬಂದೆ. ಆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಬೆನ್ನು ತಿರುಗಿಸಿದ್ದು.

ಹೊಸ ದೋಣಿಯನ್ನು ಸುಮ್ಮನೆ ಹಳಿಯಲಾರೆ. ಮಳೆಗಾಲವೆಲ್ಲ ಅದು ಚೆನ್ನಾಗಿಯೇ ನಡೆಯಿತು. ಕೂರಲು ಹಲಗೆ ಇತ್ತು, ತಲೆ ತಿರುಗುತ್ತಿರಲಿಲ್ಲ, ಕುರಿಗಳನ್ನು ಹಿಂಡಿನಂತೆಯೇ ಹತ್ತಿಸಬಹುದಿತ್ತು. ನಾನೂ ಒಮ್ಮೆ ಅದರಲ್ಲಿ ದಾಟಿ, ಆಹಾ ಎಂದೆ. ಆದರೆ ದಸರೆ ಕಳೆದು ನೀರು ಇಳಿಯತೊಡಗಿತು. ಇಳಿದ ಹಾಗೆಲ್ಲ ಬಂಡೆಗಳು ಬೆನ್ನು ತೋರಿಸಿದವು. ಆ ನದಿಯ ಆ ಜಾಗ ವರ್ಷದಲ್ಲಿ ಅರ್ಧ ಕಾಲ ಬಂಡೆಯೇ. ಹರಿಗೋಲಿಗೆ ಗೇಣು ನೀರು ಸಾಕು, ದೋಣಿಗೆ ಸಾಲದು. ಕರಾವಳಿಯವರು ಗಳ ಹಾಕಿದರು, ಹಗ್ಗ ಎಳೆದರು, ಬೈದರು. ಶಿವರಾತ್ರಿಯ ಹೊತ್ತಿಗೆ ದೋಣಿ ನಡುನದಿಯಲ್ಲಿ ಎರಡು ಬಂಡೆಗಳ ನಡುವೆ ಕೂತು ಏಳಲೇ ಇಲ್ಲ. ಅವರಿಬ್ಬರೂ ಗಂಟು ಕಟ್ಟಿಕೊಂಡು ಊರಿಗೆ ಹೋದರು. ಬಂಡೆಗಳ ಆಚೆ ಆಳುದ್ದದ ಮಡುವು, ನಡೆದು ದಾಟುವಂತಿಲ್ಲ. ಆಚೆಯ ಹತ್ತಿ ಆಚೆಯೇ ಉಳಿಯಿತು. ದಿನ ತುಂಬಿದ ಹೆಣ್ಣುಮಗಳೊಬ್ಬಳು ತವರಿಗೆ ಹೊರಟು ಬಂದು, ದಂಡೆಯಲ್ಲಿ ಒಂದು ಹಗಲೆಲ್ಲ ಕೂತು, ಹಿಂದಕ್ಕೆ ಹೋದಳಂತೆ. ಅರ್ಜಿಗಳು ಬಂದವು.

"ತಾತ್ಕಾಲಿಕ ಅಂತ ಆ ಬುಟ್ಟಿನೇ ಒಂದು ಹಾಕ್ಸಯ್ಯಾ" ಎಂದರು ಹೆಡ್ ಗುಮಾಸ್ತರು. "ಫಾರಂ ತುಂಬಿಸಿಕೊಂಡು ಬಾ. ಈ ಸಲ ಹಳೇದು ಗಿಳೇದು ಅಂದ್ರ ಮಂಜೂರು ಆಗೋದಿಲ್ಲ, ಚೂಸ್ಕೋ."

ಮತ್ತೆ ಕೋಸಿಗಿ, ಮತ್ತೆ ಬಂಡಿ, ಮತ್ತೆ ಬೆನ್ನು. ದಾರಿಯುದ್ದಕ್ಕೂ ಮಲ್ಲಪ್ಪನಿಗೆ ಹೇಗೆ ಮುಖ ತೋರಿಸಲಿ ಎಂಬುದೇ ಯೋಚನೆ. ಹೋಗಿ ನೋಡಿದರೆ ಹರಿಗೋಲು ಸಿದ್ಧವಾಗಿತ್ತು. ಯಾರ ಹುಕುಮಿಗೂ ಕಾಯದೆ, ಬಿಚ್ಚಿದ ತೊಗಲಿಗೆ ಎಣ್ಣೆ ಕುಡಿಸಿ, ಹೊಸ ಬಿದಿರು ಸೀಳಿ, ಅವನೇ ಹೆಣೆದಿದ್ದ. ಅದೇ ವಾಸನೆ. ಬಗ್ಗಿ ಒಳಗೆ ನೋಡಿದೆ. ಹಸಿರು ದೆಬ್ಬೆಗಳ ನಡುವೆ, ನಾನು ಕೂತಿದ್ದ ಜಾಗದಲ್ಲೇ, ಆ ಕಪ್ಪು ದೆಬ್ಬೆ ಇತ್ತು. ನೋಡಿ ಎದೆ ಹಗುರಾಯಿತು. ಸದ್ಯ, ನಾನು ಕೆಡಿಸಿದ್ದನ್ನು ಅವನು ಸರಿಮಾಡಿಕೊಂಡ ಎಂದುಕೊಂಡೆ.

ಬೇವಿನ ನೆರಳಿನಲ್ಲಿ ಫಾರಂ ಬಿಚ್ಚಿದೆ. ವಯಸ್ಸಿನ ಕಾಲಮು ಬಂತು. ನಾನು ಕೇಳುವ ಮೊದಲೇ, ಕುಕ್ಕರುಗಾಲಿನಲ್ಲಿ ಕೂತಿದ್ದ ಮಲ್ಲಪ್ಪ, ಈ ಸಲ ಏಳದೆ, ನೆಲ ನೋಡುತ್ತ ಹೇಳಿದ.

"ಹೊಸದು ರೀ ಸಾಮಿ. ಎಲ್ಲಾ ಹೊಸದು. ಹಂಗ ಬರಕೊಳ್ರಿ."

"ನಡುವಿಂದು..." ಎಂದೆ.

"ನಡುವಿಂದೂ ಹೊಸದ ರೀ. ನಮ್ಮಜ್ಜ ಗಿಜ್ಜ ಯಾರೂ ಹೆಣದಿಲ್ಲ. ನಾನ ಹೆಣದೀನಿ."

ಹನುಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಹೊಸದು ಎಂದು ಬರೆದೆ. ಮಂಜೂರಾಯಿತು. ತಾತ್ಕಾಲಿಕ ಎಂಬ ಹೆಸರಿನಲ್ಲೇ ಅದು ಯುದ್ಧ ಮುಗಿಯುವವರೆಗೂ ನಡೆಯಿತು, ಮಲ್ಲಪ್ಪನೇ ನಡೆಸಿದ. ನದಿ ಅವನಿಗೆ ಮರಳಿ ಸಿಕ್ಕಿತು. ಆದರೆ ಅಜ್ಜನ ಮಾತು ಅವನ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಅವನು ತೀರಿಕೊಂಡ ಬಳಿಕ, ಆ ರೇವಿನಲ್ಲಿ ನಾನು ಕೊನೆಯ ಸಲ ದಾಟಿದೆ. ಹುಟ್ಟು ಹಾಕುತ್ತಿದ್ದವನು ಅವನ ಮಗ. ಸುಮ್ಮನೆ, ಗೊತ್ತಿಲ್ಲದವನ ಹಾಗೆ, ಈ ಹರಿಗೋಲು ಯಾರ ಕಾಲದ್ದಪ್ಪ ಎಂದು ಕೇಳಿದೆ. "ನಮ್ಮಪ್ಪ ಮಾಡಿದ್ದು ರೀ, ಹೊಸದ ಐತಿ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲೂ ಮಲ್ಲಪ್ಪ ಆ ಮಾತು ಎತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಕೂತಲ್ಲೇ ಕೈಯಾಡಿಸಿದೆ. ಕಪ್ಪು ದೆಬ್ಬೆ ಇರಲಿಲ್ಲ. ಕೊಳೆತದ್ದೆಂದು ಯಾವುದೋ ಬೇಸಿಗೆಯಲ್ಲಿ ತೆಗೆದು ಒಲೆಗೆ ಹಾಕಿರಬೇಕು.

ಈಗ ನದಿಗೆ ಸೇತುವೆ ಇದೆ, ಬಸ್ಸು ದಾಟುತ್ತದೆ. ನನ್ನ ದಣಿವಿಗೆ ವಯಸ್ಸೇ ಕಾರಣವೆಂದು ಮಗ ಹೇಳುತ್ತಾನೆ. ಇರಬಹುದು. ಆದರೆ ಅದರಲ್ಲಿ ಒಂದು ಪಾಲು ಮಾತ್ರ ಆ ಬೇವಿನ ನೆರಳಿನದು. ಒಂದು ಗೆರೆ ಹೊಡೆಯಲಾರದಷ್ಟು ಅವತ್ತು ಬಂದ ದಣಿವು ಇವತ್ತಿಗೂ ಇಳಿದಿಲ್ಲ.

ಎಣ್ಣೆಯ ಕೈ ಒಣಗಿತ್ತು. ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಕೆಳಗಿನ ಅಟ್ಟೆ ಮೂರು ಸಲ ಬದಲಾಗಿದೆ, ಹೆಬ್ಬೆರಳು ತೂರಿಸುವ ಉಂಗುಷ್ಟ ಎರಡು ಸಲ. ಮೇಲಿನ ಒಂದು ಪಟ್ಟಿ ಮಾತ್ರ ಮೊದಲಿನದು, ಎಣ್ಣೆ ಕುಡಿದು ಕುಡಿದು ಕಪ್ಪಗಾಗಿದೆ. ಹಬ್ಬದ ಸಂತೆಯಲ್ಲಿ ನನ್ನವಳು ಚೌಕಾಸಿ ಮಾಡಿ, ಕಾಲಿಗೆ ತಾನೇ ಹಾಕಿ ನೋಡಿ ಕೊಡಿಸಿದ್ದು. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಗಿರಿಜೆ ಮದುವೆಯಾಗಿ ಬಂದದ್ದು ಆಮೇಲೆ; ಅವಳು ಅತ್ತೆಯ ಮುಖ ಕಂಡವಳಲ್ಲ.

"ಗಿರಿಜಾ" ಎಂದು ಕೂಗಿದೆ. ಹಿಟ್ಟಿನ ಕೈಯಲ್ಲೇ ಬಂದಳು. "ಆಗಳ ಸುಳ್ಳು ಹೇಳಿದ್ನೆವ್ವ. ಹೊಸವಲ್ಲ ಇವು. ಹದಿನಾರು ವರ್ಷ ಆತು. ನಿಮ್ಮತ್ತಿ ಕೊಡಿಸಿದ್ದು."

ಅವಳು ಹೋಗಿ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತು, ನಾನು ಇನ್ನೂ ಮುಟ್ಟಿರದ ಇನ್ನೊಂದು ಚಪ್ಪಲಿಯನ್ನು ಮಡಿಲಿಗೆ ಎಳೆದುಕೊಂಡಳು.

"ಮೊದಲ ಹೇಳಬಾರ್ದೇನ್ರಿ ಮಾವಾರ" ಎಂದಳು. "ಅತ್ತಿಯಾರು ಯಾವ ಸಂತ್ಯಾಗ ತಗೊಂಡಿದ್ರು?"

ನಾನು ಹೇಳತೊಡಗಿದೆ. ಅವಳು ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿ, ಅದರ ಕಪ್ಪು ಪಟ್ಟಿಯಿಂದಲೇ ಶುರುಮಾಡಿದಳು.